ನೀನೂ ನಕ್ಕೆಯಲ್ಲ, ನೆವೆನಾ!

"ಲಸಿಕೆ ಹಾಕಿಸಿಕೊಂಡವರು ಯಾರಾದರೂ ಇದ್ದೀರಾ? ಒಬ್ಬರೇ ಒಳಗೆ ಬನ್ನಿ. ಹೆಚ್ಚು ಹೊತ್ತಿಲ್ಲ..."

ಕೋವಿಡ್ ವಾರ್ಡಿನ ಬಾಗಿಲಲ್ಲಿ ನಿಂತ ಡಾಕ್ಟರಮ್ಮನ ಮಾತಿಗೆ ರೂಮೆನ್ ತಲೆ ತಗ್ಗಿಸಿದ. ಒಳಗೆ ಕೊನೆಯುಸಿರು ಎಳೆಯುತ್ತಿದ್ದವನು ಅವನ ಅಪ್ಪ ಸ್ತಾವ್ರಿ.

"ನಾವು ಆಂಬುಲೆನ್ಸ್‌ನವರು ಡಾಕ್ಟ್ರೇ. ನಮ್ಮಲ್ಲಿ ಯಾರೂ ಹಾಕಿಸ್ಕೊಂಡಿಲ್ಲ. ಕೈ ಮುಗೀತೀನಿ, ನನ್ನನ್ನ ಬಿಡಿ..."

"ನಾನು ಹಾಕಿಸ್ಕೊಂಡಿದೀನಿ."

ಹೇಳಿದವಳು ನೆವೆನಾ. ಅದೇ ಆಂಬುಲೆನ್ಸಿನ ನರ್ಸ್. ಬರುವ ವಸಂತದಲ್ಲಿ ಅವನ ಕೈ ಹಿಡಿಯಬೇಕಿದ್ದವಳು.

ರೂಮೆನ್ ತಿರುಗಿ ನೋಡಿದ. ಬೈದಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳೇನೋ... ಆ ನೋಟವನ್ನು ಮಾತ್ರ ತಡೆಯಲಾಗಲಿಲ್ಲ. ತಲೆ ಎತ್ತದೆ ಒಳಗೆ ನಡೆದಳು.

ಅವಳು ಹೊರಬಂದಾಗ ಸ್ತಾವ್ರಿ ಇರಲಿಲ್ಲ.

"ಯಾವಾಗ ಹಾಕಿಸ್ಕೊಂಡೆ?" ಅಪ್ಪನ ಬಗ್ಗೆ ಕೇಳುವ ಮೊದಲು ಅವನು ಕೇಳಿದ್ದು ಅದನ್ನೇ.

"ಬೇಸಿಗೆಯಲ್ಲಿ. ಕೋವಿಡ್ ಆಗಿದ್ದ ಆ ಬಸುರಿ ನಮ್ಮ ಗಾಡಿಯಲ್ಲೇ ಪ್ರಾಣ ಬಿಟ್ಳಲ್ಲ, ಅವತ್ತು ತುಂಬ ಹೆದರಿದೆ ರೂಮೆನ್. ಯಾರಿಗೂ ಹೇಳದೆ ರಾಜಧಾನಿ ಸೋಫಿಯಾಗೆ ಹೋಗಿ ಹಾಕಿಸ್ಕೊಂಡು ಬಂದೆ."

ಅವನಿಗೆ ಆ ಶರತ್ಕಾಲದ ಬೆಳಿಗ್ಗೆ ನೆನಪಾಯಿತು. ಲಸಿಕೆಯವರು ಪೆಟ್ಟಿಗೆ ಹಿಡಿದು ಆಂಬುಲೆನ್ಸ್ ಸ್ಟೇಷನ್ನಿಗೆ ಬಂದಿದ್ದರು. "ನಮ್ಮ ರಕ್ತದಲ್ಲಿ ರಾಕಿಯಾ ಸಾರಾಯಿ ಹರೀತಿದೆ, ಯಾವ ರೋಗಾನೂ ಉಳಿಯಲ್ಲ. ಹೋಗ್ರಮ್ಮ ಹೋಗಿ!" ಎಂದಿದ್ದ ಡ್ರೈವರ್ ಗೆಂಚೋ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ರೂಮೆನ್ ಎಲ್ಲರಿಗಿಂತ ಜೋರಾಗಿ...

"ಹಾಕಿಸ್ಕೊಂಡಿದ್ದೂ ಅವತ್ತು ನೀನೂ ನಕ್ಕೆಯಲ್ಲ, ನೆವೆನಾ! ನಂಗೆ ಒಂದು ಮಾತು ಹೇಳಿದ್ರೆ ಅಪ್ಪನ್ನಾದ್ರೂ ಕರ್ಕೊಂಡು ಹೋಗ್ತಿದ್ದೆ!"

'ನೀವೆಲ್ಲ ನನ್ನನ್ನ ದೂರ ಇಡ್ತೀರಿ ಅಂತ ಹೆದರಿದ್ದೆ...' ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಅದೂ ಒಂದು ಕಾರಣವೇ? ಒಂದು ಜೀವಕ್ಕಿಂತ ದೊಡ್ಡದೇ?

ರೂಮೆನ್ ಬೇರೆ ಗಾಡಿಗೆ ಹೋದ. ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದ.

ಒಂದು ದಿನ ಚಹಾದ ಹೊತ್ತಿನಲ್ಲಿ ನೆವೆನಾ ಎಲ್ಲರೆದುರು ಎದ್ದು ನಿಂತಳು.

"ನಾನು ಲಸಿಕೆ ಹಾಕಿಸ್ಕೊಂಡಿದೀನಿ. ಹೇಳೋಕೆ ನಾಚಿಕೆಪಟ್ಟೆ. ಸ್ತಾವ್ರಿ ಮಾವ ಹೋಗಿಬಿಟ್ರು."

"ಕಳ್ಳಿ!" ಎಂದು ಗೆಂಚೋ ಲೋಟ ಕುಕ್ಕಿ ಹೊರನಡೆದ. ವಾರದ ನಂತರ ಅದೇ ಗೆಂಚೋ ಅವಳ ಹಿಂದೆ ಬಂದು ಪಿಸುಗುಟ್ಟಿದ. "ನನ್ನ ಹೆಂಡ್ತಿಗೆ ಸಕ್ಕರೆ ಕಾಯಿಲೆ ಇದೆಯಮ್ಮ... ಹಾಕಿಸಬಹುದಾ?"

ಒಬ್ಬೊಬ್ಬರಾಗಿ ಬಂದರು. ರೂಮೆನ್ ಮಾತ್ರ ಬರಲಿಲ್ಲ.

ಡಾನ್ಯೂಬ್ ನದಿಯ ಮೇಲೆ ಮಂಜು ಕರಗಿತು. ಮದುವೆಯಾಗಬೇಕಿದ್ದ ವಸಂತ ಸುಮ್ಮನೆ ಬಂದುಹೋಯಿತು. ಸ್ತಾವ್ರಿಯ ಆರು ತಿಂಗಳ ಸ್ಮರಣೆಯ ದಿನ ರೂಮೆನ್ ಊರ ವಾಡಿಕೆಯಂತೆ ಮನೆಬಾಗಿಲಿಗೆ ಅಪ್ಪನ ಭಾವಚಿತ್ರದ ಕಾಗದ ಅಂಟಿಸುತ್ತಿದ್ದ. ನೆವೆನಾ ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿಯ ಬಟ್ಟಲು ಹಿಡಿದು ಬಂದಳು.

"ಮಾವನಿಗೆ ಅಂತ ತಂದೆ. ಇಟ್ಟು ಹೋಗ್ತೀನಿ."

"ನಿಲ್ಲು." ಅವನು ತಿರುಗಲಿಲ್ಲ. "ಅಪ್ಪ ಕೊನೆಗೆ ಏನಂದ? ಕೇಳೋಕೆ ಇಷ್ಟು ದಿನ ಧೈರ್ಯ ಬರಲಿಲ್ಲ."

ಅವಳು ಬಟ್ಟಲನ್ನು ಎದೆಗೊತ್ತಿ ಹಿಡಿದಳು.

"ಈ ಜ್ವರ ಸಂತೆಯಲ್ಲಿ ತಗುಲಿದ್ದು ಅಂತ ರೂಮೆನ್‌ಗೆ ಹೇಳು ಮಗಳೇ... ಅಂದ್ರು."

ಅವನ ಭುಜಗಳು ಅಲುಗಿದವು. "ಸಂತೆಯಲ್ಲಾ?"

ಹೂಂ ಅಂದುಬಿಟ್ಟರೆ ಸಾಕಿತ್ತು. ಅವನಿಗೆ ನೆಮ್ಮದಿ, ಅವಳಿಗೆ ಅವನು...

"ಇಲ್ಲ ರೂಮೆನ್. ಆ ವಾರವೆಲ್ಲ ಅವರು ಮನೆ ಬಿಟ್ಟು ಹೊರಗೇ ಹೋಗಿರಲಿಲ್ಲ. ನಿನಗೆ ನೋವಾಗಬಾರದು ಅಂತ ಹಾಗಂದ್ರು. ಒಂದು ಸಲ ನಿನ್ನಿಂದ ಮುಚ್ಚಿಟ್ಟೆ... ಇನ್ನೊಂದು ಸಲ ನನ್ನಿಂದಾಗಲ್ಲ."

ರೂಮೆನ್ ಬಾಗಿಲಿಗೆ ಹಣೆ ಒತ್ತಿ ಅತ್ತ. ಆರು ತಿಂಗಳು ಹಿಡಿದಿಟ್ಟದ್ದೆಲ್ಲ ಹೊರಬಂತು.

"ಗೊತ್ತಿತ್ತು ನೆವೆನಾ... ಮೊದಲು ಜ್ವರ ಬಂದಿದ್ದೇ ನನಗೆ. ಅದನ್ನ ನುಂಗೋಕಾಗದೆ ನಿನ್ನ ಮೇಲೆ ಕೂಗಾಡಿದೆ."

ಅವಳು ಬಟ್ಟಲನ್ನು ಮೆಟ್ಟಿಲ ಮೇಲಿಟ್ಟು ಅವನ ಬೆನ್ನಿನ ಮೇಲೆ ಕೈಯಿಟ್ಟಳು. ಅವನು ಸರಿಯಲಿಲ್ಲ.

"ನಾಳೆ ನನ್ನ ಜೊತೆ ಬರ್ತೀಯಾ? ಲಸಿಕೆಗೆ..." ಅವನೇ ಕೇಳಿದ.

"ಬರ್ತೀನಿ."

"ತುಂಬ ನೋಯುತ್ತಾ?"

"ಎರಡು ದಿನ ಕೈ ನೋಯುತ್ತೆ, ಅಷ್ಟೇ."

"ಅಷ್ಟೇನಾ..." ಅವನ ದನಿ ಒಡೆಯಿತು. "ಅಷ್ಟೇನಾ ನೆವೆನಾ?"

ಅವಳು ಅವನನ್ನು ತಬ್ಬಿಕೊಂಡು ತಾನೂ ಅತ್ತಳು.