ನದಿಪಟ್ಟಿಯ ಟೇಪ್ ಸಾಹೇಬ

ಅಳತೆ ಟೇಪಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಸ್ವಲ್ಪ ಹಿಡ್ಕೊತೀರಾ?" ಎಂದು ಅವನು ನಕ್ಕಾಗಲೇ ನನಗೆ ಅನುಮಾನ ಬಂತು. ನಮ್ಮ ಶೆಡ್ಡಿಗೆ ಕುತ್ತು ತರಲು ಬಂದವನು ನನ್ನನ್ನು ನೋಡಿ ನಗುವುದೇಕೆ?

ಅವನು ನಗರ ಯೋಜನಾ ಕಚೇರಿಯವನು. ನದಿಯ ಎರಡೂ ದಡಗಳಲ್ಲಿ ಮೂವತ್ತು ಮೀಟರ್ ಹಸಿರುಪಟ್ಟಿ. ಅದರೊಳಗೆ ಗೋಡೆ, ಸೂರು ಯಾವುದೂ ಇರಬಾರದೆಂಬುದು ಹೊಸ ನಿಯಮ. ಅಪ್ಪ ಬಿಟ್ಟುಹೋದ ಮರಗೆಲಸದ ಅಂಗಡಿಯನ್ನು ನಾನು ನಡೆಸುತ್ತೇನೆ. ಅದರ ಮುಂಭಾಗ ರಸ್ತೆಗೆ, ಹಿಂದಿನ ಶೆಡ್ಡು ನದಿಗೆ. ಹಲಗೆಗಳು ಒಣಗುವುದು ಆ ಶೆಡ್ಡಿನಲ್ಲೇ. ಅದು ಹೋದರೆ ಅರ್ಧ ಕಸುಬೇ ಹೋದಂತೆ. ಹಾಗಾಗಿ ನಾನು ಆಕ್ಷೇಪಣೆ ಸಲ್ಲಿಸಿದ್ದೆ. ಅದನ್ನು ಪರಿಶೀಲಿಸಲು ಬಂದವನೇ ಈ ಟೇಪ್ ಸಾಹೇಬ. ಆ ಹೆಸರಿಟ್ಟಿದ್ದು ನಮ್ಮ ಅತ್ತಿಗೆ.

ಒಂದು ಸಲ ಅಳೆದರೆ ಸಾಲದೇ? ಮತ್ತೆ ಬಂದ. ಮಗದೊಮ್ಮೆ ಬಂದ. ಪ್ರತಿ ಸಲವೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು.

"ಈ ಕುರ್ಚಿ ನೀವೇ ಮಾಡಿದ್ದಾ?"

"ಅಲ್ಲ, ಮರದಲ್ಲಿ ಬಿಟ್ಟಿತ್ತು. ಕಿತ್ಕೊಂಡು ಬಂದೆ."

ಜೋರಾಗಿ ನಕ್ಕ. ನಗುವಾಗ ಅವನ ಎಡಗಣ್ಣು ಮಾತ್ರ ಸಣ್ಣದಾಗುತ್ತದೆ. ನನ್ನ ಕೂದಲಿಗಂಟಿದ್ದ ಮರದ ಹೊಟ್ಟನ್ನು ನೋಡಿದ, ಹೇಳಲೆಂದು ಬಾಯಿ ತೆರೆದ, ಹೇಳದೆ ಟೇಪು ಸುತ್ತಿಕೊಂಡ. ಅವತ್ತು ಸಂಜೆಯವರೆಗೂ ನಾನು ತಲೆ ಕೊಡವಿಕೊಳ್ಳಲಿಲ್ಲ. ಯಾಕೆಂದು ಕೇಳಬೇಡಿ.

"ಸಾಹೇಬರು ಅಳೀತಿರೋದು ನದೀನೋ ನಿನ್ನನ್ನೋ?" ಅತ್ತಿಗೆ ಕಾಲೆಳೆದರು.

"ನನ್ನ ಪುಸಲಾಯಿಸಿ ಆಕ್ಷೇಪಣೆ ವಾಪಸ್ ತೆಗೆಸೋಕೆ ನಾಟಕ, ಅತ್ತಿಗೆ. ಬೆಳ್ಳಗಿರೋದೆಲ್ಲ ಹಾಲಲ್ಲ."

"ಹಾಗಾದ್ರೆ ಅವರು ಬರೋ ದಿನವೇ ಹೊಸ ಕುರ್ತಾ ಯಾಕೇ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಕುರ್ತಾದ ತೋಳು ಎಳೆದುಕೊಂಡೆ.

ವಿಚಾರಣೆ ಹತ್ತಿರ ಬಂದಾಗ ಅವನು ಬರುವುದು ನಿಂತಿತು. ಫೋನಿಲ್ಲ, ಮೆಸೇಜಿಲ್ಲ. ನೋಡಿದಿರಾ, ಕೆಲಸ ಮುಗಿಯಿತು, ನಗುವೂ ಮುಗಿಯಿತು ಎಂದು ಕೊತಕೊತ ಕುದಿದೆ. ನಿಜ ಹೇಳುತ್ತೇನೆ, ಶೆಡ್ಡಿನ ಚಿಂತೆಗಿಂತ ಅದೇ ನನ್ನನ್ನು ಹೆಚ್ಚು ಸುಟ್ಟಿತು.

ವಿಚಾರಣೆಯ ದಿನ ಅವನ ಜಾಗದಲ್ಲಿ ಒಬ್ಬ ಹಿರಿಯ ಮೇಡಂ ಕೂತಿದ್ದರು. ಅವನು ಕೊನೆಯ ಸಾಲಿನಲ್ಲಿ, ಕೈಕಟ್ಟಿಕೊಂಡು, ಜನರ ನಡುವೆ.

"ಅಳತೆ ಮಾಡಿದ್ದು ಅವರು. ನೀವ್ಯಾಕೆ ಕೂತಿದ್ದೀರಿ?" ಎಂದು ಕೇಳಿಯೇಬಿಟ್ಟೆ.

"ಅರ್ಜಿದಾರರ ಜೊತೆ ಸ್ವಂತ ಸಂಬಂಧ ಇದ್ರೆ ನಮ್ಮಲ್ಲಿ ಆ ಫೈಲ್ ಮುಟ್ಟೋ ಹಾಗಿಲ್ಲ. ಅದಕ್ಕೇ ಅವರೇ ಬಿಟ್ಟುಕೊಟ್ರು."

"ಯಾವ ಸಂಬಂಧ? ಏನೂ ಇಲ್ಲ!"

"ಅವರು ಇದೆ ಅಂದ್ರಮ್ಮ. ನೀವು ಇಲ್ಲ ಅಂತೀರಿ. ಅದನ್ನ ಹೊರಗೆ ಇತ್ಯರ್ಥ ಮಾಡ್ಕೊಳ್ಳಿ." ಮೇಡಂ ಕನ್ನಡಕ ಸರಿಮಾಡಿಕೊಂಡರು. "ಆಕ್ಷೇಪಣೆ ತಿರಸ್ಕರಿಸಿದ್ದೀನಿ. ಶೆಡ್ ತೆಗೀಬೇಕು."

ಸಭೆಯೆಲ್ಲ ನನ್ನನ್ನೇ ನೋಡುತ್ತಿತ್ತು. ಎದೆ ಒಡೆದದ್ದು ಯಾವ ಮಾತಿಗೆಂದು ನನಗೇ ತಿಳಿಯಲಿಲ್ಲ.

ಕಾರಿಡಾರಿನಲ್ಲಿ ಅವನನ್ನು ಅಡ್ಡಗಟ್ಟಿದೆ. "ನೀವಿದ್ದಿದ್ರೆ ಶೆಡ್ ಉಳೀತಿತ್ತಾ?"

"ಇಲ್ಲ. ಗೆರೆ ಅಲ್ಲೇ ಬೀಳ್ತಿತ್ತು. ಮಳೆಗಾಲದಲ್ಲಿ ನದಿಗೂ ಕೈಕಾಲು ಚಾಚೋಕೆ ಜಾಗ ಬೇಕಲ್ವಾ?"

"ಮತ್ತೆ ಬಿಟ್ಟಿದ್ದು ಯಾಕೆ?"

"ಆ ಗೆರೆ ನಾನೇ ಎಳೆದಿದ್ರೆ, ನಂಬಿಸಿ ಕತ್ತು ಕೊಯ್ದ ಅಂತ ಜೀವನಪೂರ್ತಿ ಅಂತಿದ್ರಿ. ನಿಮ್ಮನ್ನ ಇಷ್ಟಪಡ್ತೀನಿ ರೀ. ತೀರ್ಮಾನ ಆಗೋವರೆಗೂ ಬಾಯಿ ಬಿಡೋ ಹಾಗಿರಲಿಲ್ಲ."

"ನನ್ನ ಹತ್ರ ಹೇಳೋಕೆ ಮುಂಚೆ ಮೇಡಂ ಹತ್ರ ಹೇಳಿದ್ರಾ?"

ಅವನ ಕಿವಿ ಕೆಂಪಾಯಿತು. "ರೂಲ್ಸ್ ಪ್ರಕಾರ..."

ಅಯ್ಯೋ, ಇಂಥವನನ್ನು ನಾನು ಮೋಸಗಾರ ಅಂದುಕೊಂಡಿದ್ದೆನಲ್ಲ! ಅಳುವೂ ಬಂತು, ನಗುವೂ ಬಂತು.

"ಭಾನುವಾರ ಶೆಡ್ ಬಿಚ್ಬೇಕು. ಅಪ್ಪ ಹೊಡೆದ ಮೊಳೆಗಳು, ಸುಲಭಕ್ಕೆ ಬರಲ್ಲ. ಬರ್ತೀರಾ?"

"ಬರ್ತೀನಿ."

"ಆಫೀಸರ್ ಆಗಿ ಬಂದ್ರೆ ಬಾಗಿಲು ತೆಗಿಯಲ್ಲ."

"ಮತ್ತೆ ಏನಾಗಿ ಬರಲಿ?"

"ಮೇಡಂ ಹತ್ರ ಏನಂತ ಹೇಳಿದ್ರೋ, ಹಾಗೇ ಬನ್ನಿ."