ಎಡಗಡೆಯ ಅರ್ಧ ಇಂಚು

ದಿನಾ ಕೆಲಸಕ್ಕೆ ಓಡಿಸುವ ನನ್ನ ಎರಡೇ ಸೀಟಿನ ಸ್ಪೋರ್ಟ್ಸ್ ಕಾರಿಗೆ, ಎತ್ತರವನ್ನು ಬೇಕಾದಂತೆ ಹೊಂದಿಸಬಹುದಾದ ಸೆಕೆಂಡ್ ಹ್ಯಾಂಡ್ ಸಸ್ಪೆನ್ಷನ್ ಹಾಕಿಸಿದೆ. ಡ್ರೈವರ್ ಸೀಟಿನಲ್ಲಿ ನನ್ನ ತೂಕದಷ್ಟು ಮರಳಿನ ಮೂಟೆ ಇಟ್ಟು, ಚಕ್ರಗಳ ಮೇಲಿನ ಸಂದನ್ನು ಟೇಪಿನಲ್ಲಿ ಅಳೆದು ಸಮ ಮಾಡುವುದು ನಮ್ಮ ಮೆಕ್ಯಾನಿಕ್‌ನ ಪದ್ಧತಿ. ಮಾರನೆಯ ದಿನ ಮತ್ತೆ ಮೂಟೆ ಇಟ್ಟು ಅಳೆದರೆ ಎಡಗಡೆ ಅರ್ಧ ಇಂಚು ಕುಸಿದಿತ್ತು. ಏರಿಸಿದ. ಮತ್ತೆ ಕುಸಿಯಿತು.

ಮೂರನೆಯ ಸಲ, ಮಟಮಟ ಮಧ್ಯಾಹ್ನ, ಅವನು ಟೇಪು ಹಿಡಿದಿದ್ದಾಗಲೇ ಕಾರು ಉಸ್ಸೆಂದಿತು. ಯಾರೋ ಹತ್ತಿ ಕೂತ ಹಾಗೆ ಎಡಗಡೆ ಮೆಲ್ಲಗೆ ತಗ್ಗಿತು. ಬಿಸಿಲಿಗೆ ಕಾರೆಲ್ಲ ಕಾದಿತ್ತು. ಪಕ್ಕದ ಖಾಲಿ ಸೀಟು ಮಾತ್ರ ಮುಟ್ಟಿದರೆ ತಣ್ಣಗಿತ್ತು.

ಮೆಕ್ಯಾನಿಕ್ ಬಹಳ ಹೊತ್ತು ಕೈ ಒರೆಸಿಕೊಂಡ. “ಇದನ್ನ ನಾನಿನ್ನು ಬಿಚ್ಚಲ್ಲ ಅಣ್ಣ. ಇಬ್ಬರು ಕೂತ ಲೆಕ್ಕಕ್ಕೇ ಸೆಟ್ ಮಾಡಿಬಿಡ್ತೀನಿ” ಅಂದ. ಹಾಗೇ ಮಾಡಿಸಿಕೊಂಡು ಬಂದೆ.

ಮೂರು ವಾರ ಪಕ್ಕಕ್ಕೆ ತಿರುಗಿ ನೋಡದೆ ಓಡಿಸಿದೆ. ಕಾರು ಸಮವಾಗಿಯೇ ಇತ್ತು.

ನಿನ್ನೆ ಸಂಜೆ ಮನೆ ಮುಂದೆ ಇಂಜಿನ್ ನಿಲ್ಲಿಸಿದೆ. ಕಾರು ಮತ್ತೆ ಉಸ್ಸೆಂದಿತು, ಎಡಗಡೆ ಮೇಲೆದ್ದಿತು. ನಾನಿನ್ನೂ ಇಳಿದಿರಲಿಲ್ಲ. ಮನೆ ಬಾಗಿಲು ತೆರೆದು ನಿಂತಿದ್ದ ಮಗಳು ನನ್ನ ಕಡೆ ನೋಡಲೇ ಇಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.