ಡಬ್ಬಿ ಮುಚ್ಚಿದ ಎರಡು ನಿಮಿಷ

"ಉಸಿರು ಬಿಡ್ಬೇಡಿ."

ಅವಳು ಅವನಿಗೆ ಹೇಳಿದ ಮೊದಲ ಮಾತೇ ಅದು.

ಕಾಡಿನ ನೆಲದ ಮೇಲೆ ಸ್ಟೀಲ್ ಡಬ್ಬಿಯೊಂದನ್ನು ಬೋರಲು ಹಾಕಿ ಅವಳು ದೂರ ನಿಂತಿದ್ದಳು. ಮಣ್ಣು ಹೊರಬಿಡುವ ಇಂಗಾಲದ ಅನಿಲವನ್ನು ಆ ಡಬ್ಬಿ ಎರಡು ನಿಮಿಷ ಅಳೆಯುತ್ತದೆ. ಪಕ್ಕದಲ್ಲಿ ಯಾರಾದರೂ ಉಸಿರಾಡಿದರೆ ಅದೂ ಸೇರಿ ಅಂಕಿ ಕೆಡುತ್ತದೆ.

ಆ ಅಪರಿಚಿತ ಬಂದು ಸರಿಯಾಗಿ ಡಬ್ಬಿಯ ಪಕ್ಕದಲ್ಲೇ ನಿಂತಿದ್ದ. ಹಿಂದೆ ಸರಿಯಬಹುದೆಂದು ಹೊಳೆಯಲಿಲ್ಲ ಪುಣ್ಯಾತ್ಮನಿಗೆ! ಮೂಗು ಹಿಡಿದು ನಿಂತೇಬಿಟ್ಟ. ಮುಖ ಟೊಮೆಟೊ ಹಣ್ಣಾಯಿತು.

"ಆ ಕಡೆ ಹೋಗಿ ಉಸಿರಾಡ್ಬಹುದು..." ಎಂದಳು.

"ಮೊದ್ಲೇ ಹೇಳ್ಬಾರ್ದಾ?"

ಅವಳಿಗೆ ನಗು ತಡೆಯಲಾಗಲಿಲ್ಲ.

ಅವನು ಸಂಶೋಧನಾ ಕೇಂದ್ರಕ್ಕೆ ಹೊಸದಾಗಿ ಬಂದ ಅಂಕಿ ಪರಿಶೀಲಕ. ಅನುಮಾನ ಬಂದ ಅಂಕಿಗಳನ್ನು ದಯೆ ದಾಕ್ಷಿಣ್ಯವಿಲ್ಲದೆ ತೆಗೆದುಹಾಕುತ್ತಿದ್ದ ಅವನಿಗೆ ಎಲ್ಲರೂ ಇಟ್ಟ ಹೆಸರು 'ಕತ್ತರಿ'. ಕೆಲಸದ ಹೊತ್ತಿನಲ್ಲಿ ತುಟಿ ಬಿಚ್ಚದ ಅವಳು 'ಮೌನಗೌರಿ'. ಕತ್ತರಿಗೆ ಕಾಡಿನಲ್ಲಿ ಏನೂ ಕೆಲಸವಿರಲಿಲ್ಲ. ಆದರೂ ಅವಳು ಅಳೆಯಲು ಹೋಗುವ ಪ್ರತಿ ಮಂಗಳವಾರ ಏನಾದರೊಂದು ನೆಪ ಹುಡುಕಿ ಬರುತ್ತಿದ್ದ. ಅಳತೆ ಮುಗಿದ ಮೇಲೆ, ಸಾಲಿನಲ್ಲಿದ್ದ ಮೂರನೇ ಡಬ್ಬಿಯ ಪಕ್ಕದ ದೊಡ್ಡ ಮರಕ್ಕೆ ಒರಗಿ ಇಬ್ಬರೂ ಒಂದೇ ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದರು.

"ನಮ್ಮನೆ ಹುಡುಗಿ ಮಂಗಳವಾರ ಮಾತ್ರ ಕನ್ನಡಿ ನೋಡ್ತಾಳೆ," ಎಂದು ಅವಳ ಅಕ್ಕ ಕಾಲೆಳೆಯುತ್ತಿದ್ದಳು.

ಆ ವರ್ಷ ಬಿಸಿಲು ತಗ್ಗಲೇ ಇಲ್ಲ. ಎಲೆಗಳು ಮುದುಡಿದವು. ಡಬ್ಬಿಯ ಅಂಕಿ ವಾರದಿಂದ ವಾರಕ್ಕೆ ಏರಿತು. ಅವಳು ಹೆದರುತ್ತಲೇ ಬರೆದಳು: ಮರಗಳು ಹೀರಿಕೊಳ್ಳುವುದಕ್ಕಿಂತ ಹೆಚ್ಚು ಇಂಗಾಲವನ್ನು ಈ ಕಾಡು ಹೊರಬಿಡುತ್ತಿದೆ. ಭೂಮಿಯ ಬಿಸಿ ತಗ್ಗಿಸುತ್ತದೆ ಎಂದು ಎಲ್ಲರೂ ನಂಬಿದ್ದ ಕಾಡು ಈಗ ಆ ಬಿಸಿಯನ್ನು ಹೆಚ್ಚಿಸುತ್ತಿದೆ.

ವರದಿ ಪರಿಶೀಲನೆ ಮುಗಿದು ವಾಪಸ್ ಬಂದಾಗ ಅವಳ ಐದು ತಿಂಗಳ ಅಂಕಿಗಳ ಮೇಲೆ ಕೆಂಪು ಗೆರೆ ಎಳೆದಿತ್ತು. ಪಕ್ಕದಲ್ಲಿ ಕತ್ತರಿಯ ಅಕ್ಷರ. 'ಮನುಷ್ಯರ ಉಸಿರು ಸೇರಿದೆ. ಒಪ್ಪುವಂತಿಲ್ಲ.'

ಕೇಂದ್ರದ ಮುಖ್ಯಸ್ಥರು ಡಬ್ಬಿಗಳನ್ನು ಅವಳ ಕೈಯಿಂದ ಕಿತ್ತುಕೊಂಡು, ಮಣ್ಣು ಜರಡಿ ಹಿಡಿದು ಬೇರು ಹೆಕ್ಕುವ ಕೆಲಸಕ್ಕೆ ಅವಳನ್ನು ನೆಲಮಾಳಿಗೆಗೆ ಹಾಕಿದರು.

'ನನ್ನ ಚಹಾ ಕುಡಿದು ನನ್ನ ಬೆನ್ನಿಗೇ ಚೂರಿ ಹಾಕಿದನಲ್ಲ... ನಾನು ಡಬ್ಬಿ ಪಕ್ಕ ಉಸಿರಾಡುವವಳಾ?'

ಅವಳು ಅವನ ಫೋನ್ ತೆಗೆಯಲಿಲ್ಲ. ಎರಡು ಸಲ ಅವನು ನೆಲಮಾಳಿಗೆಯ ಬಾಗಿಲಿಗೆ ಬಂದಾಗ, ಅವನ ದನಿ ಕೇಳದಂತೆ, ಬೇರು ತೊಳೆಯುವ ನಲ್ಲಿಯನ್ನು ಇನ್ನೂ ಜೋರಾಗಿ ತಿರುಗಿಸಿದಳು. ಆಮೇಲೆ ಅವನೂ ಬರಲಿಲ್ಲ.

ಮುಂದಿನ ಬೇಸಿಗೆ ಮುಗಿಯುವ ಹೊತ್ತಿಗೆ ಅವನು ನೆಲಮಾಳಿಗೆಗೆ ಇಳಿದು ಬಂದ. ಬಿಸಿಲಿಗೆ ಕಪ್ಪಗೆ ಸುಟ್ಟುಹೋಗಿದ್ದ, ಸೊರಗಿದ್ದ.

"ಎರಡು ನಿಮಿಷ ಕೊಡು."

"ಡಬ್ಬಿಗೆ ಕೊಡ್ತಿದ್ದಷ್ಟೇ. ಹೇಳಿ."

"ನೀನು ಅಳೀತಿದ್ದದ್ದು ಮಂಗಳವಾರ, ನಾನು ಬರ್ತಿದ್ದದ್ದೂ ಮಂಗಳವಾರ. ಅಂಕಿ ಏರಿದ್ದು ನನ್ನ ಉಸಿರಿಂದ ಅಂದ್ಕೊಂಡೆ. ನಿನ್ನದು ಅಂತ ಒಂದು ಕ್ಷಣಾನೂ ಅನ್ಕೊಂಡಿಲ್ಲ."

"ಹಾಗಂತ ಬರೀಬಹುದಿತ್ತಲ್ಲ?"

"ಅಲ್ಲಿಗೆ ಯಾಕೆ ಹೋಗ್ತಿದ್ದೆ ಅಂತ ಮುಖ್ಯಸ್ಥರು ಕೇಳಿದ್ರೆ... ಹೆದರಿದೆ. ನಿನ್ನನ್ನ ಇಲ್ಲಿಗೆ ತಳ್ಳಿದಾಗಲೂ ಬಾಯಿ ಬಿಡ್ಲಿಲ್ಲ. ಹೇಡಿ ನಾನು."

ಅವಳು ಜರಡಿ ಅಲ್ಲಾಡಿಸುತ್ತಲೇ ಇದ್ದಳು.

"ಈ ಬೇಸಿಗೆ ಪೂರ್ತಿ ನಾನೇ ಅಳೆದೆ. ಹಗ್ಗ ಕಟ್ಟಿ, ನಲವತ್ತು ಹೆಜ್ಜೆ ದೂರ ನಿಂತು ಡಬ್ಬಿ ಇಳಿಸ್ದೆ. ಹತ್ತಿರ ಯಾರೂ ಇರ್ಲಿಲ್ಲ." ಅವನು ನೋಟ್ ಪುಸ್ತಕ ಮುಂದಿಟ್ಟ. "ನಿನ್ನ ಅಂಕಿಗಿಂತ ಜಾಸ್ತಿ ಬಂತು."

ಅವಳು ಕೈ ಒರೆಸಿಕೊಂಡು ಸಾಲು ಸಾಲಾಗಿ ಓದಿದಳು. ಒಂದು ವರ್ಷ ಕಾದದ್ದು ಇದಕ್ಕೇ. ತನ್ನದು ತಪ್ಪಲ್ಲ! ಆದರೆ ಎದೆಯಲ್ಲಿ ಸಂತೋಷ ಏಳಲೇ ಇಲ್ಲ.

"ಮೂರನೇ ಡಬ್ಬಿ ಪಕ್ಕದ ಮರ?"

"ಒಣಗಿ ನಿಂತಿದೆ. ಅದರ ಸುತ್ತ ಇನ್ನೂ ಹದಿನಾರು."

ಅವಳ ಕಣ್ಣು ತುಂಬಿ ಬಂತು. "ನಮ್ಮ ತಪ್ಪೇ ಆಗಿದ್ರೆ ಎಷ್ಟು ಚೆನ್ನಾಗಿತ್ತು..."

"ಪ್ರತಿ ವಾರ ಡಬ್ಬಿ ಎತ್ತುವಾಗ ನಾನೂ ಅದನ್ನೇ ಬೇಡ್ಕೊಂಡೆ."

ಅವಳು ನೋಟ್ ಪುಸ್ತಕ ಮುಚ್ಚಿದಳು. ನಲ್ಲಿ ತೊಟ್ಟಿಕ್ಕುತ್ತಿತ್ತು.

"ಬೆಳಿಗ್ಗೆ ಮುಖ್ಯಸ್ಥರಿಗೆ ಪತ್ರ ಕೊಟ್ಟೆ. ನಿನ್ನ ಅಂಕಿ ವರದಿಗೆ ವಾಪಸ್ ಸೇರತ್ತೆ, ಡಬ್ಬಿಗಳು ನಿನ್ನ ಕೈಗೆ ಬರತ್ತೆ. ಇಲ್ಲಿ ನನ್ನ ನೌಕರಿ ಇವತ್ತಿಗೆ ಮುಗೀತು."

"ಕಾಡಿಗೆ ಯಾಕೆ ಹೋಗ್ತಿದ್ದೆ ಅಂತ ಬರ್ದಿದ್ದೀರಾ?"

"ಬರ್ದಿದ್ದೀನಿ. ಅವಳನ್ನ ನೋಡೋಕೆ ಅಂತ."

"ಕಚೇರಿ ಪತ್ರದಲ್ಲಾ?"

"ಸಹಿ ಹಾಕಿ, ತಾರೀಖಿನ ಸಮೇತ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಇನ್ನೂ ಮಣ್ಣಿನ ಕಲೆಯಿದ್ದ ಅವಳ ಕೈಯನ್ನು ಅವನು ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

"ಮಂಗಳವಾರ ಬರ್ಲಾ?" ಎಂದು ಮೆಲ್ಲಗೆ ಕೇಳಿದ.

"ಬಾ. ನಲವತ್ತು ಹೆಜ್ಜೆ ದೂರ ನಿಂತ್ಕೊಬೇಕು."

"ಎಷ್ಟು ಹೊತ್ತು?"

"ಎರಡು ನಿಮಿಷ... ಆಮೇಲೆ ಹತ್ತಿರ ಬಾ."